‘ಸೀರೆ’ ಶಬ್ದದ ಮೂಲ ಮತ್ತು ಅರ್ಥವ್ಯಾಪ್ತಿ: ಓಲೆಗರಿಗಳ ಪಾಠನಿರ್ಣಯಕ್ಕೆ ಒಂದು ಟಿಪ್ಪಣಿ

ಕಾವೇರಿಯು ಶಿವನಸಮುದ್ರದ ಬಳಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಎಡೆಗೆ ಸಮೀಪದಲ್ಲಿರುವ ಊರುಗಳಲ್ಲಿ ಸತ್ತೇಗಾಲವೂ ಒಂದು. ಕೊಳ್ಳೇಗಾಲದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಸುತ್ತಣ ಸೀಮೆ ಹಿಪ್ಪುನೇರಳೆಯ ಬೆಳೆಗೂ ರೇಷ್ಮೆಗೂ ಬಹುಕಾಲದಿಂದ ಹೆಸರಾದದ್ದು. ಕೊಳ್ಳೇಗಾಲವೆಂದ ಕೂಡಲೆ ಕನ್ನಡಿಗರಿಗೆ ನೆನಪಾಗುವುದು ಅಲ್ಲಿಯ ರೇಷ್ಮೆಯ ಸೀರೆ. ಇಂದು ಆ ಸೀಮೆಯಲ್ಲಿ ‘ಸೀರೆ’ ಎಂದರೆ ಹೆಂಗಸರು ಉಡುವ, ಅಂಚು ಸೆರಗುಗಳುಳ್ಳ, ಹೊಲಿಯದ ಉದ್ದನೆಯ ವಸ್ತ್ರ. ಈ ಅರ್ಥದಲ್ಲಿ ಯಾರಿಗೂ ಸಂದೇಹವಿಲ್ಲ.

ಆದರೆ ಇದೇ ಶಬ್ದ ಹಳಗನ್ನಡದ ಓಲೆಗರಿಯಲ್ಲಿ ಕಂಡಾಗ ಅದೇ ಅರ್ಥವನ್ನು ಹಿಡಿದು ಓದಿದರೆ ಪಾಠ ಕೆಡುತ್ತದೆ. ಕೆಲವು ಕಡೆ ಸಿದ್ಧಾಂತವೇ ಕೆಡುತ್ತದೆ. ಗಂಡಸೊಬ್ಬನು ಸೀರೆಯುಟ್ಟನೆಂದು ಬಂದರೆ ಅದು ಲಿಪಿಕಾರನ ಪ್ರಮಾದವೆಂದು ತಿಳಿದು ತಿದ್ದುವ ಮನಸ್ಸು ಸಂಪಾದಕನಿಗೆ ಹುಟ್ಟುತ್ತದೆ. ದೀಕ್ಷೆಗೆ ನಿಂತವನು ಸೀರೆಯನ್ನು ತೊರೆದನೆಂದರೆ ಓದುಗನು ನಗುತ್ತಾನೆ. ಈ ಎರಡೂ ತಪ್ಪುಗಳಿಗೆ ಕಾರಣ ಒಂದೇ. ಶಬ್ದದ ಇಂದಿನ ಅರ್ಥವನ್ನು ಸಾವಿರ ವರ್ಷ ಹಿಂದಕ್ಕೆ ಒಯ್ಯುವುದೇ ಆ ಕಾರಣ. ಆದ್ದರಿಂದ ‘ಸೀರೆ’ಯ ಮೂಲವೇನು, ಅದರ ಅರ್ಥ ಎಲ್ಲಿಂದ ಎಲ್ಲಿಗೆ ಸರಿಯಿತು, ಹಸ್ತಪ್ರತಿಗಳಲ್ಲಿ ಅದನ್ನು ಹೇಗೆ ಗ್ರಹಿಸಬೇಕು ಎಂಬುದನ್ನು ಕ್ರಮವಾಗಿ ವಿಚಾರಿಸುವುದು ಯುಕ್ತವಾಗಿದೆ.

೧. ಚೀರದಿಂದ ಸೀರೆ

‘ಸೀರೆ’ಯು ಸಂಸ್ಕೃತದ ‘ಚೀರ’ ಶಬ್ದದ ತದ್ಭವವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟೂ ಇದೇ ವ್ಯುತ್ಪತ್ತಿಯನ್ನು ಹೇಳುತ್ತದೆ. ಸಂಸ್ಕೃತದಲ್ಲಿ ಚೀರವೆಂದರೆ ಮೊದಲಿಗೆ ಮರದ ತೊಗಟೆಯ ಅಥವಾ ಬಟ್ಟೆಯ ಉದ್ದನೆಯ ಪಟ್ಟಿ, ಚಿಂದಿ. ಅನಂತರ ತಪಸ್ವಿಗಳು ಧರಿಸುವ ವಲ್ಕಲ. ವೈಯಾಕರಣರು ಇದನ್ನು ಕೂಡಿಸುವುದೆಂಬ ಅರ್ಥವುಳ್ಳ ‘ಚಿ’ ಧಾತುವಿನಿಂದ ಸಾಧಿಸುತ್ತಾರೆ. ಒಂದೇ ಉಣಾದಿಸೂತ್ರವು ಶೂರ, ಸೀರ, ಚೀರ ಎಂಬ ಶಬ್ದಗಳನ್ನು ಒಟ್ಟಿಗೆ ಸಾಧಿಸಿಕೊಡುವುದು ಗಮನಾರ್ಹ. ಇವುಗಳಲ್ಲಿ ನೇಗಿಲೆಂಬ ಅರ್ಥವುಳ್ಳ ‘ಸೀರ’ ಶಬ್ದವು ಕನ್ನಡದ ಪ್ರತಿಗಳಲ್ಲಿ ಒಂದು ತೊಡಕನ್ನು ತಂದೊಡ್ಡುತ್ತದೆ. ಅದನ್ನು ಮುಂದೆ ನೋಡಬಹುದು.

ಪ್ರಾಕೃತದಲ್ಲಿಯೂ ಪಾಲಿಯಲ್ಲಿಯೂ ‘ಚೀರ’ ಹಾಗೆಯೇ ಉಳಿದಿದೆ. ಇದಕ್ಕೆ ಸಮೀಪವಾದ ‘ಚೀವರ’ವು ಬೌದ್ಧರಲ್ಲಿ ಭಿಕ್ಷುವಿನ ವಸ್ತ್ರಕ್ಕೆ ಪಾರಿಭಾಷಿಕ ಹೆಸರಾಯಿತು. ಶ್ವೇತಾಂಬರರ ಕಲ್ಪಸೂತ್ರವೂ ವರ್ಧಮಾನಸ್ವಾಮಿಯು ದೀಕ್ಷೆಯ ಬಳಿಕ ಒಂದು ವರ್ಷ ಒಂದು ತಿಂಗಳಷ್ಟು ಕಾಲ ಚೀವರಧಾರಿಯಾಗಿದ್ದು, ಆಮೇಲೆ ಅಚೇಲನಾದನೆಂದು ಹೇಳುವಾಗ ಇದೇ ಶಬ್ದವನ್ನು ಬಳಸುತ್ತದೆ. ದಿಗಂಬರ ಪರಂಪರೆಯು ಈ ವೃತ್ತಾಂತವನ್ನು ಒಪ್ಪುವುದಿಲ್ಲ. ದೀಕ್ಷಾಸಮಯದಲ್ಲಿಯೇ ಸರ್ವವಸ್ತ್ರತ್ಯಾಗವೆಂಬುದು ಅದರ ಮತ. ಇಲ್ಲಿ ಪ್ರಸ್ತುತವಾದುದು ಇಷ್ಟೆ: ಚೀರ, ಚೀವರ, ಚೇಲ ಎಂಬ ಮೂರು ಶಬ್ದಗಳೂ ಸ್ತ್ರೀಪುರುಷಭೇದವಿಲ್ಲದೆ ವಸ್ತ್ರಮಾತ್ರವನ್ನು ಸೂಚಿಸುತ್ತಿದ್ದುವು.

ಚಕಾರವು ಕನ್ನಡದಲ್ಲಿ ಸಕಾರವಾಗುವುದು ತದ್ಭವಪ್ರಕ್ರಿಯೆಗೆ ಹೊಸದಲ್ಲ. ಚೂರ್ಣವು ಸುಣ್ಣವಾದದ್ದು ಎಲ್ಲರಿಗೂ ತಿಳಿದ ಉದಾಹರಣೆ. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣವು ಇಂತಹ ವರ್ಣವಿಕಾರಗಳನ್ನು ವ್ಯವಸ್ಥೆಯಾಗಿ ಹೇಳುವುದಕ್ಕಾಗಿಯೇ ಇರುವುದು. ಪದಾಂತ್ಯದ ಎಕಾರಕ್ಕೆ ಮಾತ್ರ ಬೇರೆ ಸಮಾಧಾನ ಬೇಕು. ಮಾಲಾ, ಸಭಾ ಮುಂತಾದ ಆಕಾರಾಂತ ಶಬ್ದಗಳು ಮಾಲೆ, ಸಭೆ ಎಂದಾಗುವುದು ಸಹಜ. ಚೀರವಾದರೋ ಅಕಾರಾಂತ ನಪುಂಸಕ. ಇಲ್ಲಿ ನೆರೆಭಾಷೆಗಳ ಸಾಕ್ಷ್ಯ ನೆರವಿಗೆ ಬರುತ್ತದೆ. ತೆಲುಗಿನಲ್ಲಿ ‘ಚೀರ’, ತಮಿಳಿನಲ್ಲಿ ‘ಶೀರೈ’, ಕನ್ನಡದಲ್ಲಿ ‘ಸೀರೆ’ ಎಂದು ರೂಪಗಳಿವೆ. ತೆಲುಗಿನ ‘ತಲ’, ತಮಿಳಿನ ‘ತಲೈ’, ಕನ್ನಡದ ‘ತಲೆ’ ಎಂಬ ದೇಶ್ಯಶಬ್ದದ ರೂಪಗಳೂ ಇದೇ ಸಾಲಿನಲ್ಲಿವೆ. ಎಂದರೆ ‘ಚೀರ’ವು ಈ ಭಾಷೆಗಳಲ್ಲಿ ದೇಶ್ಯಶಬ್ದಗಳ ಅಚ್ಚಿನಲ್ಲಿಯೇ ಎರಕಗೊಂಡಿದೆ. ಪುಸ್ತಕದಿಂದ ಪಂಡಿತರು ತಂದ ಶಬ್ದಕ್ಕೆ ಇಂತಹ ಪರಿಪಾಕ ಬರುವುದಿಲ್ಲ. ಜನರ ಬಾಯಲ್ಲಿ ಹಳಬಾಗಿ ಬಾಳಿದ ಶಬ್ದಕ್ಕೆ ಮಾತ್ರ ಬರುತ್ತದೆ.

ಕೆಲವರಿಗೆ ‘ಸೀಳ್’ ಎಂಬ ಕನ್ನಡ ಧಾತುವಿನಿಂದಲೇ ಸೀರೆಯನ್ನು ಸಾಧಿಸುವ ಆಸೆ ಹುಟ್ಟಬಹುದು. ಸೀಳಿದ ಪಟ್ಟಿ ಸೀರೆ ಎಂಬ ಅರ್ಥಸಾಂಗತ್ಯವೂ ಮನೋಹರವಾಗಿದೆ. ಆದರೆ ಹಳಗನ್ನಡವು ರ, ಱ, ಳ, ೞ ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಕಾಪಾಡಿಕೊಂಡ ಭಾಷೆ. ಕೇಶಿರಾಜನು ೞಕಾರಯುಕ್ತ ಶಬ್ದಗಳನ್ನು ಪ್ರತ್ಯೇಕವಾಗಿ ಎಣಿಸಿ ಹೇಳುವಷ್ಟು ಎಚ್ಚರವನ್ನು ತೋರಿದ್ದಾನೆ. ಳಕಾರಾಂತವಾದ ಧಾತುವಿನಿಂದ ರೇಫಯುಕ್ತವಾದ ನಾಮಪದ ಹುಟ್ಟಿತೆನ್ನಲು ಬೇರೆ ಆಧಾರ ಬೇಕು. ಅರ್ಥಸಾಮ್ಯವೊಂದೇ ವ್ಯುತ್ಪತ್ತಿಗೆ ಪ್ರಮಾಣವಲ್ಲ.

೨. ತುಂಡಿನಿಂದ ಉಡುಗೆ

ಅರ್ಥದ ದೃಷ್ಟಿಯಿಂದ ನೋಡಿದರೆ ವಸ್ತ್ರವಾಚಕ ಶಬ್ದಗಳಲ್ಲಿ ಒಂದು ಸಾಮಾನ್ಯ ಲಕ್ಷಣ ಕಾಣುತ್ತದೆ. ಚೀರವೆಂದರೆ ಪಟ್ಟಿ. ಸಂಸ್ಕೃತದ ‘ಶಾಟ’, ‘ಶಾಟೀ’, ‘ಶಾಟಕ’ಗಳಿಗೂ ಬಟ್ಟೆಯ ಪಟ್ಟಿಯೆಂಬುದೇ ಮೂಲಾರ್ಥ. ಪ್ರಾಕೃತದಲ್ಲಿ ಇದು ‘ಸಾಡೀ’ ಎಂದಾಗಿ, ಉತ್ತರದ ಭಾಷೆಗಳಲ್ಲಿ ಇಂದಿನ ಸಾಡಿಯಾಗಿ ನಿಂತಿದೆ. ಆಂಗ್ಲಭಾಷೆ ಈ ಉಡುಗೆಗೆ ಬಳಸುವ ಹೆಸರೂ ಅಲ್ಲಿಂದಲೇ ಹೋದುದು. ಕನ್ನಡದ ಸೀರೆಯೂ ಹಿಂದಿಯ ಸಾಡಿಯೂ ಒಂದೇ ಶಬ್ದದ ಎರಡು ರೂಪಗಳೆಂದು ಭಾವಿಸುವುದು ತಪ್ಪು. ಒಂದು ಚೀರದ ಸಂತಾನ, ಇನ್ನೊಂದು ಶಾಟಿಯ ಸಂತಾನ. ಎರಡೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಉಡುಗೆಯ ಬಳಿಗೆ ಬಂದು ಸೇರಿವೆ.

ಕನ್ನಡದ ‘ಅಱಿವೆ’ಯೂ ಇದೇ ಜಾಡಿನದು. ಕತ್ತರಿಸು, ತುಂಡಾಗು ಎಂಬ ಅರ್ಥದ ‘ಅಱು’ ಧಾತುವಿನೊಡನೆ ಸಂಬಂಧಿಸಿದ ಈ ಶಬ್ದಕ್ಕೆ ತಮಿಳಿನ ‘ಅಱುವೈ’ ಸಮಾನರೂಪ. ತಮಿಳಿನಲ್ಲಿ ಹೆಗಲಮೇಲಣ ವಸ್ತ್ರಕ್ಕೆ ‘ತುಂಡು’ ಎಂದೇ ಹೆಸರು. ಹನ್ನೊಂದನೆಯ ಪ್ರತಿಮೆಯ ಶ್ರಾವಕನನ್ನು ಸಮಂತಭದ್ರಸ್ವಾಮಿಯು ರತ್ನಕರಂಡಕ ಶ್ರಾವಕಾಚಾರದಲ್ಲಿ ‘ಚೇಲಖಂಡಧರ’ನೆಂದು ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಮಗ್ಗದಿಂದ ಕತ್ತರಿಸಿ ತೆಗೆದ ತುಂಡೇ ಉಡುಗೆ. ಅದಕ್ಕೆ ಸೂಜಿಯ ಸಂಸ್ಕಾರ ಬೇಕಿಲ್ಲ.

ಪತಂಜಲಿಯು ಮಹಾಭಾಷ್ಯದಲ್ಲಿ ನೇಯಿಗೆಯವನೊಬ್ಬನ ದೃಷ್ಟಾಂತವನ್ನು ಕೊಡುತ್ತಾನೆ. ಈ ನೂಲಿನಿಂದ ಶಾಟಕವನ್ನು ನೇಯಿ ಎಂದು ಒಬ್ಬನು ಹೇಳಿದರೆ, ನೇಯುವವನು ಯೋಚಿಸುತ್ತಾನೆ: ಅದು ಈಗಲೇ ಶಾಟಕವಾಗಿದ್ದರೆ ನೇಯಬೇಕಾಗಿಲ್ಲ, ನೇಯಬೇಕಾಗಿದ್ದರೆ ಅದಿನ್ನೂ ಶಾಟಕವಲ್ಲ. ಆದುದರಿಂದ ನೇಯ್ದ ಮೇಲೆ ಯಾವುದಕ್ಕೆ ಶಾಟಕವೆಂಬ ಹೆಸರು ಬರುವುದೋ ಅದನ್ನು ನೇಯಬೇಕೆಂದು ತಿಳಿಯುತ್ತಾನೆ. ಭಾವಿಸಂಜ್ಞೆಯ ಸಮರ್ಥನೆಗಾಗಿ ಬಂದ ಈ ಮಾತಿನಿಂದ ವಸ್ತ್ರದ ಇತಿಹಾಸಕ್ಕೂ ಒಂದು ಸಂಗತಿ ದೊರೆಯುತ್ತದೆ. ನೂಲು ಮಗ್ಗದಿಂದ ಇಳಿದ ಕ್ಷಣದಲ್ಲಿಯೇ ಶಾಟಕವು ಪೂರ್ಣವಾಗುತ್ತದೆ. ನಡುವೆ ಇನ್ನೊಬ್ಬನ ಕೈಗೆಲಸವಿಲ್ಲ. ಕೊಳ್ಳೇಗಾಲದ ಮಗ್ಗದ ಮೇಲೆ ಹಾಸು ಹೊಕ್ಕುಗಳು ಕೂಡಿ, ಅಂಚು ಒಡಲು ಸೆರಗುಗಳೊಡನೆ ಇಳಿಯುವ ಸೀರೆಗೂ ಈ ಲಕ್ಷಣ ಇಂದಿಗೂ ಹೊಂದುತ್ತದೆ.

ಕನ್ನಡದ ಕ್ರಿಯಾಪದಗಳು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿವೆ. ಸೊಂಟಕ್ಕೆ ಸುತ್ತಿ ಧರಿಸುವುದು ‘ಉಡು’. ಮೈಮೇಲೆ ಮುಚ್ಚಿಕೊಳ್ಳುವುದು ‘ಪೊದೆ’, ಇಂದಿನ ‘ಹೊದೆ’. ಅಂಗಿ, ಒಡವೆ ಮೊದಲಾದುವನ್ನು ಅಂಗಕ್ಕೆ ಸೇರಿಸಿಕೊಳ್ಳುವುದು ‘ತೊಡು’. ಓಲೆಯಲ್ಲಿ ಯಾವ ವಸ್ತ್ರವೆಂಬುದು ಸ್ಪಷ್ಟವಾಗದಿದ್ದಾಗ ಅದರೊಡನಿರುವ ಕ್ರಿಯಾಪದವನ್ನು ಕೇಳಬೇಕು. ಸೀರೆಯನ್ನು ಉಟ್ಟರೆಂದು ಬಂದರೆ ಅದು ಅಧೋವಸ್ತ್ರ. ಹೊದೆದರೆಂದು ಬಂದರೆ ಉತ್ತರೀಯ. ಸುತ್ತಿದರೆಂದು ಬಂದರೆ ತಲೆಯ ವಸ್ತ್ರವೋ ಹೊತ್ತಗೆಯ ವಸ್ತ್ರವೋ ಆಗಬಹುದು. ಅಮರಸಿಂಹನು ಮನುಷ್ಯವರ್ಗದಲ್ಲಿ ಅಧೋವಸ್ತ್ರದ ಹೆಸರುಗಳನ್ನೂ ಉತ್ತರೀಯದ ಹೆಸರುಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತಾನೆ. ಹಳಗನ್ನಡಕ್ಕೆ ಆ ಕೆಲಸವನ್ನು ನಾಮಪದಕ್ಕಿಂತ ಹೆಚ್ಚಾಗಿ ಕ್ರಿಯಾಪದವೇ ಮಾಡಿಕೊಡುತ್ತದೆ.

೩. ಬಟ್ಟೆಯೂ ಸೀರೆಯೂ

ಹಳಗನ್ನಡದಲ್ಲಿ ಸೀರೆಯೆಂದರೆ ವಸ್ತ್ರಸಾಮಾನ್ಯ. ಬಸವಣ್ಣನವರು ಸೀರೆಯೊಳಗಿನ ಒಂದು ಎಳೆಯನ್ನೂ ನಾಳೆಗೆಂದು ಬಯಸಲಾರೆನೆಂಬ ಭಾವದ ವಚನವೊಂದರಲ್ಲಿ ಹೊನ್ನು, ಅನ್ನ, ಸೀರೆಗಳನ್ನು ಜೊತೆಯಾಗಿ ಹೇಳಿದ್ದಾರೆ. ಅಲ್ಲಿ ಸೀರೆ ಹೆಂಗಸರ ಉಡುಗೆಯಲ್ಲ, ಮನೆಯಲ್ಲಿರುವ ಬಟ್ಟೆಬರೆ. ಅನ್ನವು ಆಹಾರಮಾತ್ರಕ್ಕೂ ಹೊನ್ನು ಧನಮಾತ್ರಕ್ಕೂ ನಿಂತಂತೆ ಸೀರೆಯು ವಸ್ತ್ರಮಾತ್ರಕ್ಕೆ ನಿಂತಿದೆ. 12ನೆಯ ಶತಮಾನದಲ್ಲಿಯೂ ಈ ವ್ಯಾಪಕಾರ್ಥವೇ ಎಲ್ಲರಿಗೂ ತಿಳಿಯುವಂತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಹಾಗಾದರೆ ಇಂದಿನ ವಸ್ತ್ರಸಾಮಾನ್ಯವಾಚಿಯಾದ ‘ಬಟ್ಟೆ’ ಆಗ ಎಲ್ಲಿತ್ತು? ಹಳಗನ್ನಡದಲ್ಲಿ ಬಟ್ಟೆಯೆಂದರೆ ಮುಖ್ಯವಾಗಿ ದಾರಿ. ಸಂಸ್ಕೃತದ ‘ವರ್ತ್ಮ’ವು ಪ್ರಾಕೃತದಲ್ಲಿ ‘ವಟ್ಟ’ವಾಗಿ ಕನ್ನಡಕ್ಕೆ ಬಂದ ರೂಪವದು. ಜೈನಕಾವ್ಯಗಳಲ್ಲಿ ಬಟ್ಟೆಗೆಟ್ಟವನೆಂದರೆ ದಾರಿ ತಪ್ಪಿದವನೇ ಹೊರತು ಬಟ್ಟೆಯಿಲ್ಲದವನಲ್ಲ. ವಸ್ತ್ರವೆಂಬ ಅರ್ಥದ ಬಟ್ಟೆ ಬೇರೆ ಮೂಲದ್ದು. ತೆಲುಗಿನಲ್ಲಿ ವಸ್ತ್ರಕ್ಕೆ ‘ಬಟ್ಟ’ವೆನ್ನುವುದೂ ಇದರ ಸೋದರರೂಪ. ದಾರಿಯೆಂಬ ಅರ್ಥವು ಬಳಕೆಯಿಂದ ಹಿಂದೆ ಸರಿದಂತೆ ವಸ್ತ್ರವೆಂಬ ಅರ್ಥವು ಮುಂದೆ ಬಂದು, ಸಾಮಾನ್ಯವಾಚಿಯ ಸ್ಥಾನವನ್ನು ಹಿಡಿಯಿತು. ಆ ಸ್ಥಾನದಲ್ಲಿದ್ದ ಸೀರೆಗೆ ಆಗ ವಿಶೇಷಾರ್ಥ ಉಳಿಯಿತು.

ಗಂಡಸರ ಅಧೋವಸ್ತ್ರಕ್ಕೆ ಧೋತ್ರ, ಪಂಚೆ ಎಂಬ ಹೆಸರುಗಳೂ ಮೇಲುವಸ್ತ್ರಕ್ಕೆ ಶಲ್ಯ, ಉತ್ತರೀಯ ಎಂಬವೂ ಹೊಲಿದುದಕ್ಕೆ ಅಂಗಿಯೆಂಬುದೂ ನಿಂತ ಬಳಿಕ, ಹೊಲಿಗೆಯಿಲ್ಲದೆ ಉದ್ದವಾಗಿ ಉಳಿದುದು ಹೆಂಗಸರ ಉಡುಗೆಯೊಂದೇ. ಹಳೆಯ ಹೆಸರು ಹಳೆಯ ಕ್ರಮವನ್ನು ಬಿಡದ ಉಡುಗೆಗೆ ಅಂಟಿಕೊಂಡಿತು. ಶಬ್ದವು ತಾನಾಗಿ ಹೆಂಗಸರ ಪಾಲಾದುದಲ್ಲ. ಉಳಿದವರು ಬೇರೆ ಹೆಸರುಗಳನ್ನು ಹಿಡಿದು ಹೊರಟುಹೋದರು. ಅರ್ಥಸಂಕೋಚದ ಈ ಕ್ರಮ ತೆಲುಗಿನ ಚೀರಕ್ಕೂ ಆಗಿದೆ.

ಕೊಳ್ಳೇಗಾಲದ ಸೀಮೆಯು ಈ ಶಬ್ದಚರಿತ್ರೆಗೆ ಒಳ್ಳೆಯ ಸಾಕ್ಷಿಭೂಮಿ. 1799ರ ಬಳಿಕ ಕಂಪನಿಯ ಆಡಳಿತಕ್ಕೆ ಸೇರಿದ ಈ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಇಂತಹ ಗಡಿಸೀಮೆಯ ಸಂತೆಯಲ್ಲಿ ಕನ್ನಡದ ಸೀರೆಯೂ ತಮಿಳಿನ ಶೇಲೈ, ಪುಡವೈಗಳೂ ಒಂದೇ ವಸ್ತ್ರಕ್ಕೆ ಸಲ್ಲುತ್ತವೆ. ತಮಿಳಿನ ಶೀಲೈ, ಶೇಲೈ ರೂಪಗಳು ರೇಫಲಕಾರಗಳ ವಿನಿಮಯದಿಂದ ಚೀರದಿಂದಲೂ ಬರಬಹುದು. ಸಂಸ್ಕೃತದ ‘ಚೇಲ’ದಿಂದಲೂ ಬರಬಹುದು. ಎರಡನೆಯದನ್ನು ಒಪ್ಪಿದರೆ ‘ಅಚೇಲ’ವೆಂಬ ಪಾರಿಭಾಷಿಕ ಶಬ್ದದ ಮೂಲಾಂಶವೇ ನೇಯಿಗೆಯವರ ನಾಲಗೆಯಲ್ಲಿ ಇಂದಿಗೂ ಬಾಳುತ್ತಿದೆ ಎನ್ನಬೇಕಾಗುತ್ತದೆ.

೪. ಅಚೇಲಕ್ಯವೂ ಒಂದೇ ವಸ್ತ್ರವೂ

ಜೈನಗ್ರಂಥಗಳಲ್ಲಿ ವಸ್ತ್ರವಾಚಕ ಶಬ್ದವು ಕೇವಲ ವರ್ಣನೆಯ ಸಾಮಗ್ರಿಯಲ್ಲ. ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಚೇಲಕ್ಯವು ಒಂದು. ಶಿವಾರ್ಯನ ಭಗವತೀ ಆರಾಧನೆಯಲ್ಲಿ ಹೇಳಿರುವ ಹತ್ತು ಸ್ಥಿತಿಕಲ್ಪಗಳಲ್ಲಿ ಅದೇ ಮೊದಲನೆಯದು. ಅಪರಾಜಿತಸೂರಿಯು ತನ್ನ ವಿಜಯೋದಯಾ ಟೀಕೆಯಲ್ಲಿ ಅದನ್ನು ವಿಸ್ತಾರವಾಗಿ ಸಮರ್ಥಿಸಿದ್ದಾನೆ. ಚೇಲವೆಂಬುದು ಇಲ್ಲಿ ಉಪಲಕ್ಷಣ. ವಸ್ತ್ರದ ಹೆಸರಿನಲ್ಲಿ ಸಮಸ್ತ ಪರಿಗ್ರಹದ ತ್ಯಾಗವೇ ಅಭಿಪ್ರೇತ. ಕನ್ನಡದ ಕಥಾಗದ್ಯಕ್ಕೆ ಹಿರಿಯ ಮಾದರಿಯಾದ ವಡ್ಡಾರಾಧನೆಯು ಇದೇ ಆರಾಧನಾಪರಂಪರೆಗೆ ಸೇರಿದ ಕೃತಿ. ಇಂತಹ ಗ್ರಂಥಗಳಲ್ಲಿ ಸೀರೆಯ ತ್ಯಾಗವೆಂದು ಬಂದರೆ ಅದನ್ನು ಚೇಲತ್ಯಾಗವೆಂದೇ ತಿಳಿಯಬೇಕು.

ಆದಿಪುರಾಣದ ಒಂದು ಪ್ರಸಂಗವು ಚೀರ ಶಬ್ದದ ಜೈನಾರ್ಥವನ್ನು ಚೆನ್ನಾಗಿ ತೋರಿಸುತ್ತದೆ. ವೃಷಭಸ್ವಾಮಿಯೊಡನೆ ದೀಕ್ಷೆ ಹೊಂದಿದ ನಾಲ್ಕು ಸಾವಿರ ಅರಸರು ಹಸಿವು ಬಾಯಾರಿಕೆಗಳನ್ನು ತಾಳಲಾರದೆ ಕಾಡಿನ ಹಣ್ಣುಗಳಿಗೂ ನೀರಿಗೂ ಕೈ ನೀಡುತ್ತಾರೆ. ನಿರ್ಗ್ರಂಥರೂಪದಲ್ಲಿ ಹೀಗೆ ಮಾಡಬಾರದೆಂದು ವನದೇವತೆಗಳು ತಡೆಯಲು, ಅವರಲ್ಲಿ ಕೆಲವರು ವಲ್ಕಲವನ್ನು ಉಡುತ್ತಾರೆ. ಇತರ ಪುರಾಣೇತಿಹಾಸಗಳಲ್ಲಿ ಚೀರವಸನವು ತಪಸ್ಸಿನ ಚಿಹ್ನೆ. ರಾಜಭೋಗವನ್ನು ಬಿಟ್ಟವನ ಗುರುತು. ಜಿನಸೇನಾಚಾರ್ಯನ ದೃಷ್ಟಿಯಲ್ಲಿ ಅದು ತಪಸ್ಸಿನಿಂದ ಜಾರಿದವನ ಗುರುತು. ನಾರುಡುಗೆಯೂ ಉಡುಗೆಯೇ. ಒಂದೇ ಶಬ್ದವು ಒಂದು ಪರಂಪರೆಯಲ್ಲಿ ಏರಿಕೆಯನ್ನೂ ಇನ್ನೊಂದರಲ್ಲಿ ಇಳಿಕೆಯನ್ನೂ ಸೂಚಿಸುವುದರಿಂದ, ಟೀಕೆ ಬರೆಯುವವರು ಪರಂಪರೆಯನ್ನು ತಿಳಿದು ಅರ್ಥ ಹೇಳಬೇಕು.

ಇನ್ನು ಆರ್ಯಿಕೆಯ ವಿಚಾರ. ಕುಂದಕುಂದಾಚಾರ್ಯರ ಸೂತ್ರಪಾಹುಡವು ಆರ್ಯಿಕೆಗೆ ಒಂದೇ ವಸ್ತ್ರವನ್ನು ಹೇಳುತ್ತದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಕಂತಿಯರೆಂದು ಹೆಸರಾದ ಸಾಧ್ವಿಯರ ನಡೆಗೂ ಈ ಆಗಮವೇ ಆಧಾರ. ದಿಗಂಬರ ಸಂಘಗಳಲ್ಲಿ ಮಾತಾಜಿಯವರು ಇಂದಿಗೂ ಒಂದೇ ಬಿಳಿಯ ಸೀರೆಯನ್ನು ಧರಿಸುತ್ತಾರೆ. ಇಲ್ಲಿ ಸೀರೆಯೆಂಬುದನ್ನು ಕುಪ್ಪಸ ಮೊದಲಾದುವುಗಳೊಡನೆ ಕೂಡಿದ ಇಂದಿನ ಗೃಹಸ್ಥೆಯ ಉಡುಗೆಯೆಂದು ಭಾವಿಸಿದರೆ ಆಗಮದ ಅಭಿಪ್ರಾಯವೇ ತಪ್ಪಿಹೋಗುತ್ತದೆ. ಹೊಲಿಗೆಯಿಲ್ಲದ ಒಂದೇ ವಸ್ತ್ರದಿಂದ ಇಡೀ ಮೈಯನ್ನು ಮುಚ್ಚುವುದು ಅಲ್ಲಿಯ ತಾತ್ಪರ್ಯ. ಸೀರೆಯ ಹಳೆಯ ಅರ್ಥವನ್ನು ಹಿಡಿದರೆ ಪ್ರಾಕೃತದ ಏಕವಸ್ತ್ರವೂ ಕನ್ನಡದ ಒಂದು ಸೀರೆಯೂ ಅಕ್ಷರಶಃ ಒಂದೇ ಆಗುತ್ತವೆ.

ವಸ್ತ್ರವು ಪರಿಗ್ರಹವೋ ಅಲ್ಲವೋ ಎಂಬ ಪ್ರಶ್ನೆಯ ಮೇಲೆ ಕರ್ನಾಟಕದಲ್ಲಿ ದೊಡ್ಡ ವಾದಗಳು ನಡೆದುವು. 9ನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದ ಯಾಪನೀಯ ವೈಯಾಕರಣ ಶಾಕಟಾಯನನು ಸ್ತ್ರೀನಿರ್ವಾಣಪ್ರಕರಣವನ್ನು ಬರೆದು, ವಸ್ತ್ರವು ಸ್ತ್ರೀಯರ ಮುಕ್ತಿಗೆ ತಡೆಯಲ್ಲವೆಂದು ಸಾಧಿಸಿದನು. ಪ್ರಭಾಚಂದ್ರನು ನ್ಯಾಯಕುಮುದಚಂದ್ರದಲ್ಲಿ ಅದಕ್ಕೆ ದಿಗಂಬರಪಕ್ಷದ ಉತ್ತರವನ್ನು ಕೊಟ್ಟನು. ರತ್ನಕರಂಡಕದಲ್ಲಿ ಸಾಮಾಯಿಕಸ್ಥನಾದ ಗೃಹಸ್ಥನನ್ನು, ಯಾರೋ ಉಪಸರ್ಗವಾಗಿ ಮೇಲೆ ಬಟ್ಟೆ ಹೊದಿಸಿದ ಮುನಿಗೆ ಹೋಲಿಸಿದೆ. ಮೈಮೇಲೆ ವಸ್ತ್ರವಿರುವುದೂ ಮನಸ್ಸಿನಲ್ಲಿ ವಸ್ತ್ರವಿರುವುದೂ ಬೇರೆಯೆಂಬ ವಿವೇಕ ಆ ಹೋಲಿಕೆಯಲ್ಲಿದೆ. ಇಷ್ಟೆಲ್ಲ ಚರ್ಚೆ ಒಂದು ವಸ್ತ್ರದ ಸುತ್ತ ನಡೆದಿರುವಾಗ, ಆ ವಸ್ತ್ರದ ಹೆಸರನ್ನು ಅಲಕ್ಷ್ಯದಿಂದ ಅರ್ಥೈಸುವುದು ವಿದ್ವಾಂಸರಿಗೆ ಸಲ್ಲದು.

೫. ನೂಲಿನ ಜಾತಿಯೂ ಅಹಿಂಸೆಯೂ

ಸೀರೆ ಯಾವ ನೂಲಿನದು ಎಂಬುದನ್ನು ಶಬ್ದವು ಹೇಳುವುದಿಲ್ಲ. ಅಮರಕೋಶವು ವಸ್ತ್ರಗಳನ್ನು ನಾರಿನಿಂದ, ಹಣ್ಣಿನಿಂದ ಎಂದರೆ ಹತ್ತಿಯಿಂದ, ಹುಳುವಿನ ಗೂಡಿನಿಂದ, ರೋಮದಿಂದ ಆದುವೆಂದು ನಾಲ್ಕಾಗಿ ವಿಂಗಡಿಸುತ್ತದೆ. ಬೃಹತ್ಕಲ್ಪಸೂತ್ರದಲ್ಲಿ ಶ್ವೇತಾಂಬರ ಸಾಧುಗಳಿಗೆ ಹೇಳಿದ ಐದು ಬಗೆಯ ವಸ್ತ್ರಗಳಲ್ಲಿ ತಿರೀಡಪಟ್ಟವೆಂಬ ಮರದ ನಾರಿನ ವಸ್ತ್ರವೂ ಸೇರಿದೆ. ಚೀರದ ಮೂಲಾರ್ಥಕ್ಕೆ ಇದು ಸಮೀಪವಾದುದು. ಅಲ್ಲಿಯೇ ಹೇಳಿರುವ ‘ಪೊತ್ತ’ವು ಹತ್ತಿಯ ವಸ್ತ್ರ. ಷಟ್ಖಂಡಾಗಮದ ಸ್ಥಾಪನಾನಿಕ್ಷೇಪದಲ್ಲಿ ಬರುವ ಪೊತ್ತಕರ್ಮವನ್ನು ವಿವರಿಸುವಾಗ ಧವಳಾಕಾರರಾದ ವೀರಸೇನಾಚಾರ್ಯರೂ ಪೊತ್ತವೆಂದರೆ ವಸ್ತ್ರವೆಂದೇ ಅರ್ಥ ಹೇಳಿದ್ದಾರೆ. ಹೊತ್ತಗೆಯೆಂಬ ಅರ್ಥದ ‘ಪೊತ್ತಗೆ’ಯೊಡನೆ ಇದನ್ನು ಬೆರೆಸಿ ಓದಬಾರದು.

ಕೊಳ್ಳೇಗಾಲದ ಸೀರೆಯ ಹೆಸರಿನ ಜೊತೆಗಿರುವ ‘ರೇಷ್ಮೆ’ ಫಾರಸಿ ಮೂಲದ ಶಬ್ದ. ಹಳೆಯ ಗ್ರಂಥಗಳಲ್ಲಿ ಇದಕ್ಕೆ ಕೌಶೇಯ, ಪಟ್ಟ, ದೇವಾಂಗ ಮುಂತಾದ ಹೆಸರುಗಳಿವೆ. ದುಕೂಲವು ‘ದುಗುಲ’ವಾಗಿ ಕನ್ನಡಕ್ಕೆ ಬಂದಿದ್ದರೂ ಅದು ಮೂಲದಲ್ಲಿ ನಾರಿನ ಸಣ್ಣವಸ್ತ್ರ, ಅದನ್ನು ಎಲ್ಲ ಕಡೆಯೂ ರೇಷ್ಮೆಯೆಂದು ಅನುವಾದಿಸುವುದು ರೂಢಿಯಾದ ತಪ್ಪು. ಗೂಡಿನ ಎಳೆ ತುಂಡಾಗದಂತೆ ಬಿಚ್ಚಬೇಕಾದರೆ ಒಳಗಿನ ಜೀವಿಯನ್ನು ಬಿಸಿಯಿಂದ ಕೊಲ್ಲುವುದು ರೇಷ್ಮೆಯ ಸಾಮಾನ್ಯ ಕ್ರಮ. ಆದುದರಿಂದ ಶ್ರಾವಕಶ್ರಾವಿಕೆಯರಲ್ಲಿ ಪೂಜಾಕಾಲಕ್ಕೆ ಹ‌ತ್ತಿಯ ಶುದ್ಧವಸ್ತ್ರವನ್ನೇ ಆರಿಸುವವರಿದ್ದಾರೆ. ಪುರಾಣದ ವರ್ಣನೆಯೊಂದರಲ್ಲಿ ಪೂಜಕನ ದುಗುಲವನ್ನು ರೇಷ್ಮೆಯೆಂದು ಅನುವಾದಿಸುವ ಮುನ್ನ ಇದನ್ನು ಯೋಚಿಸಬೇಕು. ಅನುವಾದಕನ ಒಂದು ಶಬ್ದವು ಮುಂದೆ ಆಚಾರಕ್ಕೆ ಪ್ರಮಾಣವೆಂದು ಎತ್ತಿ ತೋರಿಸಲ್ಪಡುವುದುಂಟು.

೬. ಓಲೆಯಲ್ಲಿ ಸೀರೆಯನ್ನು ಓದುವ ಕ್ರಮ

ಹಸ್ತಪ್ರತಿಗಳನ್ನು ಪರಿಷ್ಕರಿಸುವವರು ಈ ಶಬ್ದದ ವಿಷಯದಲ್ಲಿ ಕೆಲವು ತೊಡಕುಗಳನ್ನು ಮನಸ್ಸಿನಲ್ಲಿಡಬೇಕು.

ಮೊದಲನೆಯದು, ಸೀರ ಮತ್ತು ಸೀರೆ. ನೇಗಿಲನ್ನು ಹಿಡಿದ ಬಲರಾಮನಿಗೆ ಸೀರಿ, ಸೀರಪಾಣಿ ಎಂಬ ಹೆಸರುಗಳಿವೆ. ಅವನೇ ನೀಲಾಂಬರನೂ ಹೌದು. ನೇಮಿನಾಥಚರಿತೆಯ ಪುರಾಣಗಳಲ್ಲಿ ಬಲದೇವನ ಪ್ರಸಂಗ ಬಂದಾಗ ಹತ್ತಿರದಲ್ಲಿಯೇ ವಸ್ತ್ರದ ಮಾತೂ ಬರುವುದರಿಂದ ನೇಗಿಲು ವಸ್ತ್ರವಾಗುವ, ವಸ್ತ್ರವು ನೇಗಿಲಾಗುವ ಸಂಭವವಿದೆ. ಇಲ್ಲಿ ವಿಭಕ್ತಿಪ್ರತ್ಯಯವೇ ನಿರ್ಣಾಯಕ. ಎಕಾರಾಂತವಾದ ಸೀರೆಗೆ ಯಕಾರಾಗಮ ಬರುತ್ತದೆ; ಅಕಾರಾಂತವಾದ ಸೀರಕ್ಕೆ ಬರುವುದಿಲ್ಲ.

ಎರಡನೆಯದು, ಸಿರಿ ಮತ್ತು ಸೀರೆ. ಸಂಪತ್ತೆಂಬ ಅರ್ಥದ ಸಿರಿಯು ಶ್ರೀಶಬ್ದದ ತದ್ಭವ. ಸವೆದ ಓಲೆಯಲ್ಲಿ ಇಕಾರ ಎಕಾರಗಳ ಗುರುತು ಅಳಿದಾಗ, ಹ್ರಸ್ವದೀರ್ಘಗಳನ್ನು ಲಿಪಿಕಾರನು ಸರಿಯಾಗಿ ತೋರದಿದ್ದಾಗ ಎರಡೂ ಒಂದರಂತೆ ಕಾಣುತ್ತವೆ. ಸಿರಿಯನ್ನು ತೊರೆದನು, ಸೀರೆಯನ್ನು ತೊರೆದನು ಎಂಬ ಎರಡು ಪಾಠಗಳೂ ದೀಕ್ಷಾಪ್ರಸಂಗಕ್ಕೆ ಹೊಂದುತ್ತವೆ. ಪದ್ಯವಾದರೆ ಛಂದಸ್ಸು ಬಿಡಿಸಿಕೊಡುತ್ತದೆ: ಸಿರಿಗೆ ಎರಡು ಮಾತ್ರೆ, ಸೀರೆಗೆ ಮೂರು. ಗದ್ಯದಲ್ಲಿ ಪ್ರತ್ಯಂತರವೇ ಗತಿ. ಪ್ರತ್ಯಂತರವೂ ಇಲ್ಲದಿದ್ದರೆ ಎರಡು ಪಾಠಗಳನ್ನೂ ತೋರಿಸಿ, ನಿರ್ಣಯವನ್ನು ಓದುಗನಿಗೆ ಬಿಡುವುದು ಪ್ರಾಮಾಣಿಕವಾದ ಕ್ರಮ.

ಮೂರನೆಯದು, ಅಱಿವೆ. ಹಳೆಯ ಪ್ರತಿಗಳಲ್ಲಿ ಎಕಾರ ಏಕಾರಗಳಿಗೆ ಭೇದವಿಲ್ಲದಿರುವುದು ಸಾಮಾನ್ಯ. ಅಱಿವೆಯೆಂದರೆ ವಸ್ತ್ರ, ಅಱಿವೇ ಎಂದರೆ ಜ್ಞಾನವೇ ಎಂದು ಅವಧಾರಣೆ. ಜ್ಞಾನಾವರಣದ ಪ್ರಕರಣದಲ್ಲಿ ಮುಚ್ಚುವ ಬಟ್ಟೆಯ ದೃಷ್ಟಾಂತ ಬರುವುದೇ ಆಗಿರುವಾಗ, ಇವೆರಡನ್ನು ಬೇರ್ಪಡಿಸುವುದಕ್ಕೆ ಶಾಸ್ತ್ರಜ್ಞಾನ ಬೇಕೇ ಹೊರತು ಲಿಪಿಜ್ಞಾನವೊಂದೇ ಸಾಲದು.

ನಾಲ್ಕನೆಯದು, ಬಟ್ಟೆ. ಹಳಗನ್ನಡ ಪ್ರತಿಯಲ್ಲಿ ಬಟ್ಟೆ ಕಂಡರೆ ಮೊದಲು ದಾರಿಯೆಂದು ಓದಿ ನೋಡಬೇಕು. ಅದು ಹೊಂದದಿದ್ದರೆ ಮಾತ್ರ ವಸ್ತ್ರವೆನ್ನಬೇಕು. ಸೀರೆ ಕಂಡರೆ ಮೊದಲು ವಸ್ತ್ರಮಾತ್ರವೆಂದು ಓದಿ, ಸಂದರ್ಭವು ಒತ್ತಾಯಿಸಿದರೆ ಮಾತ್ರ ಸ್ತ್ರೀಯರ ಉಡುಗೆಯೆನ್ನಬೇಕು. ಗಂಡಸಿಗೆ ಸೀರೆ ಸಲ್ಲದೆಂಬ ಕಾರಣದಿಂದ ಪಾಠವನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ.

ಹೊತ್ತಗೆಗೂ ಒಂದು ವಸ್ತ್ರವುಂಟೆಂಬುದನ್ನು ಇಲ್ಲಿ ಹೇಳಬೇಕು. ಓಲೆಗಳನ್ನು ಹಲಗೆಗಳ ನಡುವೆ ಇಟ್ಟು, ದಾರದಿಂದ ಬಿಗಿದು, ಮೇಲೆ ಸುತ್ತುವ ವಸ್ತ್ರಕ್ಕೆ ವೇಷ್ಟನವೆಂದು ಹೆಸರು. ಜ್ಯೇಷ್ಠ ಶುದ್ಧ ಪಂಚಮಿಯಂದು, ಎಂದರೆ ಶ್ರುತಪಂಚಮಿಯಂದು, ಶಾಸ್ತ್ರಗಳನ್ನು ಹೊರತೆಗೆದು ಧೂಳು ಕೊಡವಿ ಹೊಸ ವೇಷ್ಟನವನ್ನು ಸುತ್ತುವ ಸಂಪ್ರದಾಯವಿದೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಬಳಪದಿಂದ ಬರೆಯುವ ಕಡತದಲ್ಲಂತೂ ವಸ್ತ್ರವೇ ಹೊತ್ತಗೆ. ವೇಷ್ಟನವನ್ನು ಬದಲಿಸುವಾಗ ಹಳೆಯದನ್ನು ಎಸೆಯುವ ರೂಢಿಯನ್ನು ಭಂಡಾರದವರು ಬಿಡುವುದು ಒಳ್ಳೆಯದು. ಅದರ ನೂಲು ಯಾವುದು, ಅದು ಸೀರೆಯ ತುಂಡೋ ಬೇರೆ ನೇಯ್ಗೆಯೋ, ಅದರ ಮೇಲೆ ಹೆಸರು ಅಂಕೆಗಳು ಬರೆದಿವೆಯೋ ಎಂಬುದನ್ನು ಸೂಚಿಯಲ್ಲಿ ಒಂದು ಸಾಲಿನಲ್ಲಿ ಗುರುತಿಸಿದರೆ, ಪ್ರತಿಯು ಯಾವ ಮನೆಯಿಂದ ಬಂದಿತೆಂಬುದಕ್ಕೆ ಒಮ್ಮೊಮ್ಮೆ ಅದೇ ಸುಳಿವಾಗಬಹುದು.

ಸತ್ತೇಗಾಲದಿಂದ ಹೊಳೆಯ ಮೇಲ್ಗಡೆಗೆ ದೂರವಲ್ಲದ ತಲಕಾಡು ಗಂಗರ ರಾಜಧಾನಿಯಾಗಿತ್ತು. ಆ ಗಂಗರ ಮಂತ್ರಿಯಾದ ಚಾವುಂಡರಾಯನು 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದನು. ಆ ಕಾಲದ ಕನ್ನಡದಲ್ಲಿ ಅರಸನದೂ ಆಳಿನದೂ ಗಂಡಸಿನದೂ ಹೆಂಗಸಿನದೂ ಸೀರೆಯೇ. ತೊರೆದವನಿಗೆ ಮಾತ್ರ ಸೀರೆಯಿಲ್ಲ. ಅದೇ ಹೊಳೆಯ ದಂಡೆಯಲ್ಲಿ ಇಂದು ಅದೇ ಶಬ್ದವು ಒಂದು ಉಡುಗೆಗೆ ಮಾತ್ರ ನಿಂತಿದೆ. ಎರಡೂ ಅರ್ಥಗಳು ತಮ್ಮ ತಮ್ಮ ಕಾಲಕ್ಕೆ ಸರಿಯಾದುವೇ. ಇಂದಿನ ಅರ್ಥವನ್ನು ಮಗ್ಗದ ಬಳಿ ಬಿಟ್ಟು, ಅಂದಿನ ಅರ್ಥವನ್ನು ಹಿಡಿದು ಓಲೆಯ ಬಳಿ ಕುಳಿತುಕೊಳ್ಳುವುದು ಪಾಠಸಂಶೋಧಕನ ಕರ್ತವ್ಯ.